ಕತ್ತಲೆಯೊಳಗಿನ ಬೆಳ್ಳಿ



ಹಳೆಯ ಕಪ್ಪು-ಬಿಳುಪು ನಿಗೂಢ ಚಿತ್ರಗಳೆಂದರೆ ನನಗೆ ಇಂದಿಗೂ ಜೀವ. 1949ರ ‘ಮಹಲ್’ ನೆನೆಸಿಕೊಳ್ಳಿ. ಪಾಳು ಬಂಗಲೆ, ನಡುರಾತ್ರಿ, ಉಯ್ಯಾಲೆಯ ಮೇಲೆ ಕಂಡೂ ಕಾಣದಂತೆ ಮಧುಬಾಲಾ. ಕ್ಯಾಮೆರಾ ಹಿಡಿದವರು ಜರ್ಮನಿಯಿಂದ ಬಂದಿದ್ದ ಜೋಸೆಫ್ ವಿರ್ಶಿಂಗ್. ಅವರು ತೋರಿಸಿದ್ದಕ್ಕಿಂತ ಕತ್ತಲಲ್ಲಿ ಬಚ್ಚಿಟ್ಟದ್ದೇ ಹೆಚ್ಚು. ಆ ಚಿತ್ರದ ಹಾಡೂ ಒಂದು ಒಗಟಾಗಿತ್ತು. ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಇದ್ದದ್ದು ಪಾತ್ರದ ಹೆಸರು, ‘ಕಾಮಿನಿ’. ಹಾಡಿದ್ದು ಯಾರು ಎಂದು ಕೇಳುಗರು ಆಕಾಶವಾಣಿಗೆ ಪತ್ರದ ಮೇಲೆ ಪತ್ರ ಬರೆದರು. ಲತಾ ಮಂಗೇಶ್ಕರ್ ಎಂಬ ಹೆಸರು ಮನೆಮನೆಗೆ ತಲುಪಿದ್ದು ಹಾಗೆ.

ಇಂಥ ಚಿತ್ರಗಳನ್ನು ಕಾಪಾಡುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದು 1964ರಲ್ಲಿ. ರಾಜಾ ಪರಾಂಜಪೆಯವರ ಕಪ್ಪು-ಬಿಳುಪು ಮರಾಠಿ ನಿಗೂಢ ಚಿತ್ರ ‘ಪಾಠಲಾಗ’ ಬಂದದ್ದೂ ಅದೇ ವರ್ಷ. ಅದೇ ಕಥೆ ಮುಂದೆ ಬಣ್ಣ ತೊಟ್ಟು ‘ಮೇರಾ ಸಾಯಾ’ ಆಯಿತು. ಚೆಲುವು ಬಂತು, ಎದೆಯ ಅಳುಕು ಹೋಯಿತು ಎಂದೇ ನನ್ನ ಭಾವನೆ.

ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಅವರದೂ ಪತ್ತೇದಾರಿ ಕೆಲಸವೇ. ನಾಸಿಕದಲ್ಲಿ ಮೂಕಿ ಚಿತ್ರಗಳ ಕಾಲದ ನಿರ್ದೇಶಕ ಫಾಲ್ಕೆಯವರ ಮನೆಯವರನ್ನು ಹುಡುಕಿಕೊಂಡು ಹೋಗಿ, ಅಳಿದುಳಿದ ಸುರುಳಿಗಳನ್ನು ತಂದರು. ಮಿಕ್ಕವು ಎಲ್ಲಿ ಹೋದವು? ಕಪ್ಪು-ಬಿಳುಪು ಫಿಲ್ಮಿನ ಮೇಲೆ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ತೆರೆಗೆ ಹಾಕುವ ಪ್ರತಿಯಲ್ಲಿ ಕತ್ತಲು ದಟ್ಟವಾದಷ್ಟೂ ಬೆಳ್ಳಿ ದಟ್ಟ. ನಾವು ಉಸಿರು ಬಿಗಿಹಿಡಿದು ನೋಡಿದ ‘ಮಹಲ್’ನ ಕಗ್ಗತ್ತಲೆಯೆಲ್ಲ ಬೆಳ್ಳಿಯೇ! ಆ ಬೆಳ್ಳಿಯ ಆಸೆಗೆ, ಓಟ ಮುಗಿಸಿದ ಎಷ್ಟೋ ಚಿತ್ರಗಳ ಸುರುಳಿಗಳನ್ನು ತೊಳೆದುಬಿಟ್ಟರು. ಇನ್ನೆಷ್ಟನ್ನೋ ಬೆಂಕಿ ನುಂಗಿತು. ಹಿಂದಿನ ನೈಟ್ರೇಟ್ ಫಿಲ್ಮು ಬಹು ಬೇಗ ಹೊತ್ತಿಕೊಳ್ಳುವ ವಸ್ತು. 2003ರ ಜನವರಿಯಲ್ಲಿ ಪುಣೆಯಲ್ಲೇ ಒಂದು ಉಗ್ರಾಣ ಉರಿದುಹೋಯಿತು.

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಇಂದು ನಮ್ಮ ಬಳಿ ಇಲ್ಲ. ತೆರೆಯ ಮೇಲೆ ಕನ್ನಡ ಮೊದಲು ಆಡಿದ ಮಾತು ಹೇಗೆ ಕೇಳಿಸುತ್ತಿತ್ತು? ಅದನ್ನು ಒಮ್ಮೆ ಕೇಳಬೇಕೆಂಬ ಆಸೆ ನನಗೆ ಬಲವಾಗಿದೆ.

ನಿಮ್ಮೂರಿನಲ್ಲಿ ಹಿಂದೆ ಟೂರಿಂಗ್ ಟಾಕೀಸ್ ನಡೆಸಿದವರ ಮನೆ ಇದ್ದರೆ, ಅಟ್ಟದ ಮೇಲೆ ತುಕ್ಕುಹಿಡಿದ ದುಂಡನೆಯ ತಗಡಿನ ಡಬ್ಬಿಗಳು ಕಂಡರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಬೆಂಕಿಯಿಂದ ದೂರ, ತಂಪಾದ ಜಾಗದಲ್ಲಿಡಿ. ಪುಣೆಗೆ ಒಂದು ಪತ್ರ ಬರೆಯಿರಿ.