ಬಿದ್ದ ಪ್ರೋಗ್ರಾಂ, ನಿಂತ ಪ್ರೋಗ್ರಾಂ
(ಸಂಘದ ರಾಜ್ಯೋತ್ಸವ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯಿಂದ ಸಾಹಿತ್ಯದ ಮಾತು, ಇತಿಹಾಸದ ಮಾತು ಕೇಳಿಬರುವುದು ವಾಡಿಕೆ. ಈ ಸಲ ಸಂಘದ ಕಾರ್ಯದರ್ಶಿಗಳು, ‘ನೀವು ಕೈಯಾರೆ ಮಾಡುವ ಕೆಲಸದ ವಿಚಾರವನ್ನೇ ಹೇಳಿ; ಆದರೆ ಕನ್ನಡದಲ್ಲಿ ಹೇಳಬೇಕು’ ಎಂದು ಅಪ್ಪಣೆ ಮಾಡಿದ್ದಾರೆ. ನಮ್ಮ ಕೆಲಸವೆಂದರೆ ಕೆಟ್ಟು ಕುಳಿತ ಪ್ರೋಗ್ರಾಮುಗಳ ನಾಡಿ ಹಿಡಿಯುವುದು. ಅದನ್ನು ಒಂದು ಉದಾಹರಣೆಯ ಮೂಲಕ ವಿವರಿಸಲು ಯತ್ನಿಸುತ್ತೇವೆ. ಆ ಉದಾಹರಣೆ ಫ್ಲೈಟ್‌ಗಿಯರ್ ಎಂಬ ವಿಮಾನ ಸಿಮ್ಯುಲೇಟರ್.

ಸಿಮ್ಯುಲೇಟರ್ ಎಂದರೆ ನೆಲದ ಮೇಲೆ ಕುಳಿತೇ ವಿಮಾನ ನಡೆಸುವ ಅನುಭವ ಕೊಡುವ ಸಾಧನ. ಫ್ಲೈಟ್‌ಗಿಯರ್ ಕಟ್ಟುವ ಸಂಕಲ್ಪವಾದದ್ದು 1996ರಲ್ಲಿ. ಮರುವರ್ಷ ಅದರ ಮೊದಲ ರೂಪ ಹೊರಬಂದಿತು. ಇದರ ಮೂಲ ಬರಹ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಾನಾ ದೇಶಗಳ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಇದನ್ನು ಬೆಳೆಸಿದ್ದಾರೆ. ಇದರ ಭೂಪಟ ಇಡೀ ಜಗತ್ತನ್ನು ಒಳಗೊಂಡಿದೆ. ಈ ಊರಿನ ಬಾಡಿಗೆ ಕೋಣೆಯಲ್ಲಿರುವ ನಮ್ಮ ಹುಡುಗನೊಬ್ಬ ಊಟ ಮುಗಿಸಿ ಕುಳಿತು, ಮಂಗಳೂರಿನ ಬಜಪೆಯಲ್ಲಿ, ಗುಡ್ಡದ ನೆತ್ತಿಯ ಮೇಲಿರುವ ರನ್‌ವೇಯಲ್ಲಿ ವಿಮಾನ ಇಳಿಸಬಹುದು.

ಇಳಿಸುತ್ತಿರುವಾಗ ಚಿತ್ರ ಥಟ್ಟನೆ ನಿಂತಿತೆನ್ನಿ. ಕೀಲಿ ಒತ್ತಿದರೆ ಉತ್ತರವಿಲ್ಲ. ಹುಡುಗ ಎರಡು ಬಾರಿ ಮೇಜು ಕುಟ್ಟಿ, ಯಂತ್ರವನ್ನೇ ಆರಿಸಿ ಮಲಗುತ್ತಾನೆ. ಅಲ್ಲಿಗೆ ಸಾಕ್ಷ್ಯವೆಲ್ಲ ಅಳಿಸಿಹೋಯಿತು. ಈ ಹೊತ್ತು ನಾವು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ಕೆಟ್ಟ ಪ್ರೋಗ್ರಾಮನ್ನು ಆರಿಸುವ ಮೊದಲು ವಿಚಾರಿಸಬೇಕು, ತಿಳಿದುಬಂದುದನ್ನು ಕಂಡಂತೆ ಬರೆದಿಡಬೇಕು.

ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ನೋಡೋಣ. ಸಿಮ್ಯುಲೇಟರಿನ ಹೊಟ್ಟೆಯಲ್ಲಿ ಗಾಣದಂತೆ ತಿರುಗುವ ಒಂದು ಸುತ್ತು ಉಂಟು. ಕೈಯ ಚಲನೆಯನ್ನು ಓದುವುದು, ರೆಕ್ಕೆಯ ಮೇಲಿನ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವುದು, ಚಿತ್ರ ಬರೆಯುವುದು, ಮತ್ತೆ ಮೊದಲಿನಿಂದ ಆರಂಭಿಸುವುದು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಸುತ್ತಿಗೆ ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಪಾಲು ಮಾತ್ರ. ಹಾರಾಟದ ಲೆಕ್ಕ ಮಾಡುವ ಜೆಎಸ್‌ಬಿಸಿಮ್ ಎಂಬ ಭಾಗ ಸಾಮಾನ್ಯವಾಗಿ ಸೆಕೆಂಡಿಗೆ 120 ಸಲ ಲೆಕ್ಕ ಹಾಕುತ್ತದೆ. ಮುಂದೆ ಬರುವ ಊರು, ಬೆಟ್ಟಗಳ ಚಿತ್ರಗಳನ್ನು ಡಿಸ್ಕಿನಿಂದ ತರಲು ಥ್ರೆಡ್ ಎಂಬ ಬೇರೆ ಕೆಲಸದಾಳುಗಳು ಇರುತ್ತಾರೆ. ಈ ಸಂಸಾರದಲ್ಲಿ ಯಾರೊಬ್ಬರು ಮುಗ್ಗರಿಸಿದರೂ ಮನೆಯೆಲ್ಲ ನಿಲ್ಲುತ್ತದೆ.

ಮುಗ್ಗರಿಸುವುದರಲ್ಲಿ ಎರಡು ಬಗೆ. ಪ್ರೋಗ್ರಾಂ ಬಿದ್ದುಹೋಗುವುದು ಒಂದು, ಅದನ್ನು ಕ್ರ್ಯಾಶ್ ಎನ್ನುತ್ತೇವೆ. ಬೀಳದೆ ನಿಂತುಬಿಡುವುದು ಇನ್ನೊಂದು, ಅದು ಹ್ಯಾಂಗ್. ವಿಮಾನದ ವಿಷಯದಲ್ಲಿ ಕ್ರ್ಯಾಶ್ ಎಂಬ ಮಾತು ಗೊಂದಲ ಹುಟ್ಟಿಸುತ್ತದೆ. ಪರದೆಯ ಮೇಲಿನ ವಿಮಾನ ಗುಡ್ಡಕ್ಕೆ ಬಡಿದರೆ ಪ್ರೋಗ್ರಾಂ ಕೆಟ್ಟಿತೆಂದಲ್ಲ. ಬಡಿದುದನ್ನು ಸರಿಯಾಗಿ ಲೆಕ್ಕ ಹಾಕಿತೆಂದೇ ಅರ್ಥ. ನಾವು ಹೇಳುವುದು ಹಾರಿಸುವವನ ಪತನವನ್ನಲ್ಲ, ಯಂತ್ರದ ಪತನವನ್ನು.

ಮೊದಲು ಬೀಳುವುದನ್ನು ನೋಡೋಣ. ಪ್ರತಿಯೊಂದು ಪ್ರೋಗ್ರಾಮಿಗೂ ಸ್ಮೃತಿಯಲ್ಲಿ ಇಂತಿಷ್ಟು ಜಾಗವೆಂದು ಗೊತ್ತು ಮಾಡಿರುತ್ತದೆ. ತನ್ನದಲ್ಲದ ಜಾಗಕ್ಕೆ, ಇಲ್ಲವೆ ಆಗಲೇ ಹಿಂತಿರುಗಿಸಿ ಕೈಬಿಟ್ಟ ಜಾಗಕ್ಕೆ ಕೈ ಹಾಕಿದರೆ ಆಪರೇಟಿಂಗ್ ಸಿಸ್ಟಮ್ ಎಂಬ ಒಡೆಯ ಅದನ್ನು ಅಲ್ಲೇ ಮುಗಿಸಿಬಿಡಬಹುದು. ಆದರೆ ಬಿದ್ದ ಪ್ರೋಗ್ರಾಂ, ಏರ್ಪಾಡು ಇದ್ದರೆ, ಒಂದು ಉಪಕಾರ ಮಾಡಿ ಹೋಗುತ್ತದೆ: ಆ ಕ್ಷಣದಲ್ಲಿ ಸ್ಮೃತಿಯಲ್ಲಿದ್ದುದರ ನಕಲನ್ನು ಉಳಿಸುತ್ತದೆ. ಅದನ್ನು ಜಿಡಿಬಿ ಮುಂತಾದ ಉಪಕರಣದಲ್ಲಿ ತೆರೆದರೆ, ಯಾವ ಕೆಲಸ ಯಾವುದನ್ನು ಕರೆದಿತ್ತು, ಅದು ಮತ್ತಾವುದನ್ನು ಕರೆದು ಎಲ್ಲಿ ಬಿದ್ದಿತು ಎಂಬ ವಂಶಾವಳಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇದಕ್ಕೆ ಬ್ಯಾಕ್‌ಟ್ರೇಸ್ ಎಂದು ಹೆಸರು. ಒಂದು ಎಚ್ಚರ ಬೇಕು: ಹೆಸರುಗಳ ಪಟ್ಟಿಯನ್ನು ಜೊತೆಗಿಟ್ಟು ಕಟ್ಟಿದ ಪ್ರೋಗ್ರಾಮಾದರೆ ಮಾತ್ರ ಈ ವಂಶಾವಳಿಯನ್ನು ಓದಲು ಬರುತ್ತದೆ, ಇಲ್ಲವಾದರೆ ಬರಿಯ ಅಂಕಿಗಳ ಸಾಲು.

ನಿಜವಾದ ವಿಮಾನಗಳಿಗೂ ಇದೇ ಯೋಚನೆ ಒದಗಿತು. ಆಸ್ಟ್ರೇಲಿಯದ ವಿಜ್ಞಾನಿ ಡೇವಿಡ್ ವಾರೆನ್ 1954ರಲ್ಲಿ, ವಿಮಾನದ ಕೋಣೆಯ ಮಾತನ್ನೂ ಉಪಕರಣಗಳ ಅಂಕಿಗಳನ್ನೂ ಅಪಘಾತದಲ್ಲಿ ಉಳಿಯುವಂತೆ ದಾಖಲಿಸಬೇಕೆಂದು ವರದಿ ಬರೆದರು. ಇಂದು ಬ್ಲ್ಯಾಕ್ ಬಾಕ್ಸ್ ಎಂದು ಮಕ್ಕಳಿಗೂ ಗೊತ್ತಿರುವ ಪೆಟ್ಟಿಗೆಯ ಮೂಲ ಅದು. ಬಿದ್ದದ್ದನ್ನು ಅದು ಎತ್ತಲಾರದು. ಮುಂದಿನದು ಬೀಳದಂತೆ ನೋಡಿಕೊಳ್ಳಲು ನೆರವಾಗುತ್ತದೆ.

‘ಬೀಳುತ್ತಿರುವಾಗಲೇ ಹಿಡಿದು ಮುಂದುವರಿಸಬಾರದೆ?’ ಎಂದು ಕೇಳುವವರುಂಟು. ಸ್ಮೃತಿ ಕೆಟ್ಟ ಮೇಲೆ ಮುಂದುವರಿಯುವುದು ವಿಷ ಬಿದ್ದ ಪಾತ್ರೆಯಲ್ಲಿಯೇ ಅಡಿಗೆ ಮಾಡಿದಂತೆ. ಬರೆಯುವ ಕಡತವೂ ಕೆಡಬಹುದು. ಆದ್ದರಿಂದ ಆ ಗಳಿಗೆಯಲ್ಲಿ ಅತ್ಯಲ್ಪ ಕೆಲಸ ಮಾಡಿ ಹೊರಬೀಳುವುದೇ ಕ್ಷೇಮ. ಬಿದ್ದವನ ಕೈಯಲ್ಲೇ ಮಹಜರು ಬರೆಸುವುದೂ ಸಲ್ಲದು. ಪಕ್ಕದಲ್ಲಿ ಬೇರೊಂದು ಪುಟ್ಟ ಪ್ರೋಗ್ರಾಮನ್ನು ಕಾವಲಿರಿಸಿ ಅದರಿಂದ ಬರೆಸುವುದು ಒಳ್ಳೆಯ ಪದ್ಧತಿ. ಹಾಗೆ ಬರೆದುದರಲ್ಲಿ ಬಳಸುವವನ ಹೆಸರು, ಕಡತಗಳ ವಿಳಾಸ ಸೇರಿರಬಹುದಾದ್ದರಿಂದ ಅವನ ಒಪ್ಪಿಗೆಯಿಲ್ಲದೆ ಹೊರಗೆ ಕಳಿಸಬಾರದು.

ಇನ್ನು ನಿಲ್ಲುವುದು. ಇದು ಬೀಳುವುದಕ್ಕಿಂತ ಕಠಿಣವಾದ ರೋಗ. ಏಕೆಂದರೆ ನಿಂತ ಪ್ರೋಗ್ರಾಂ ತಾನಾಗಿ ಯಾವ ಸಾಕ್ಷಿಯನ್ನೂ ನುಡಿಯದು. ಮೊದಲು ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ನೋಡಬೇಕು. ಒಂದೇ ಸಮನೆ ದುಡಿಯುತ್ತಿದ್ದರೆ ಅದು ಕೊನೆಯಿಲ್ಲದ ಸುತ್ತಿಗೆ ಸಿಕ್ಕಿರಬೇಕು. ಡಿಸ್ಕ್ ಮಾತ್ರ ಬಿಡುವಿಲ್ಲದೆ ಓಡುತ್ತಿದ್ದರೆ ಸ್ಮೃತಿ ಸಾಲದೆ ತಿಣುಕುತ್ತಿರಬಹುದು. ಸ್ವಲ್ಪ ಕಾದರೆ ಸರಿಹೋದೀತು. ಏನೂ ದುಡಿಯದೆ ಸುಮ್ಮನಿದ್ದರೆ ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬ ಗಾದೆ ತಮಗೆಲ್ಲ ಗೊತ್ತು. ಎರಡು ಥ್ರೆಡ್‌ಗಳು, ಒಂದರ ಕೈಯಲ್ಲಿರುವ ಬೀಗಕ್ಕೆ ಮತ್ತೊಂದು ಕಾಯುತ್ತ ಕುಳಿತರೆ ಆಗುವುದೂ ಇದೇ. ಇಂಥಲ್ಲಿ ಒಂದೇ ಥ್ರೆಡ್ಡಿನ ಹೇಳಿಕೆ ಸಾಲದು. ಜಿಡಿಬಿಯನ್ನು ನಿಂತ ಪ್ರೋಗ್ರಾಮಿಗೆ ಜೋಡಿಸಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸನ್ನೂ ಪಡೆಯಬೇಕು. ವಿಂಡೋಸ್ ಬಳಸುವವರು ಟಾಸ್ಕ್ ಮ್ಯಾನೇಜರಿನಿಂದಲೇ ಸ್ಮೃತಿಯ ನಕಲು ತೆಗೆದಿಡಬಹುದು. ಇಷ್ಟಾದ ಮೇಲೆ ಧಾರಾಳವಾಗಿ ಆರಿಸಲಿ.

ಮೋಸದ ರೋಗ ಮತ್ತೊಂದುಂಟು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಕಂಪ್ಯೂಟರ್ ‘ಇದು ಸಂಖ್ಯೆಯಲ್ಲ’ ಎಂಬ ಗುರುತು ಹಾಕಿ ಮುಂದೆ ಸಾಗುತ್ತದೆ. ಅದನ್ನು ಯಾವುದಕ್ಕೆ ಕೂಡಿದರೂ ಬರುವುದು ಅದೇ ಗುರುತು. ವೇಗದಲ್ಲಿ ಹುಟ್ಟಿದ ಕೇಡು ಎತ್ತರಕ್ಕೆ, ಎತ್ತರದಿಂದ ಚಿತ್ರಕ್ಕೆ ಹಬ್ಬಿ, ತಪ್ಪು ಮಾಡಿದವನು ಒಬ್ಬ, ಬಿದ್ದವನು ಇನ್ನೊಬ್ಬ ಎಂಬಂತಾಗುತ್ತದೆ. ಬ್ಯಾಕ್‌ಟ್ರೇಸ್ ಬಿದ್ದ ಸ್ಥಳವನ್ನು ತೋರಿಸುತ್ತದೆ, ತಪ್ಪು ಹುಟ್ಟಿದ ಸ್ಥಳವನ್ನಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ.

ಪ್ರಮಾಣಿಸುವುದೆಂದರೆ ತಪ್ಪು ಮತ್ತೆ ಬರುವಂತೆ ಮಾಡಿ ನೋಡುವುದು. 1997ರ ಜುಲೈನಲ್ಲಿ ಮಂಗಳಗ್ರಹದ ಮೇಲಿಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ಪುನರಾರಂಭಗೊಳ್ಳತೊಡಗಿತು. ಹವಾಮಾನದ ಸಣ್ಣ ಕೆಲಸವೊಂದು ಬೀಗ ಹಿಡಿದಿರಲು, ಮಧ್ಯಮ ದರ್ಜೆಯ ಕೆಲಸ ಅದನ್ನು ತಡೆದು ನಿಲ್ಲಿಸಿ, ಅತಿಮುಖ್ಯವಾದ ಕೆಲಸ ಬೀಗಕ್ಕಾಗಿ ಕಾದು ಹೊತ್ತು ಮೀರಿಸುತ್ತಿತ್ತು. ಕಾವಲಿನ ಗಡಿಯಾರ ಇದನ್ನು ಕಂಡು ಯಂತ್ರವನ್ನು ಪುನಃ ಹೊರಡಿಸುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿದ್ದ ನೌಕೆಯ ಪ್ರತಿರೂಪದಲ್ಲಿ ಅದೇ ತಪ್ಪನ್ನು ಬರಿಸಿ, ಕಾರಣ ಹಿಡಿದು, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ತಪ್ಪನ್ನು ಮರಳಿ ಬರಿಸಲಾಗದಿದ್ದರೆ ಇದು ಸಾಧ್ಯವಾಗುತ್ತಿತ್ತೆ?

ಮನೆಯಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಬೇರೆ ವಿಮಾನದಲ್ಲಿ ಹಾರಿದರೂ ನಿಲ್ಲುತ್ತದೆಯೇ? ಮೋಡಗಳನ್ನು ತೆಗೆದರೆ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಳೆಯ ಆವೃತ್ತಿ ಚೆನ್ನಾಗಿದ್ದು ಹೊಸದು ಕೆಟ್ಟಿದ್ದರೆ, ನಡುವಿನ ತಿದ್ದುಪಡಿಗಳನ್ನು ಅರ್ಧ ಅರ್ಧವಾಗಿ ಸೀಳುತ್ತ ಹೋಗಬೇಕು. 1000 ತಿದ್ದುಪಡಿಗಳಿದ್ದರೂ ಸುಮಾರು 10 ಪರೀಕ್ಷೆಗಳಲ್ಲಿ ಅಪರಾಧಿ ಸಿಕ್ಕುತ್ತದೆ.

ಕಡೆಯ ಮಾತು ಬರವಣಿಗೆಯದು. ‘ನಿಮ್ಮ ಪ್ರೋಗ್ರಾಂ ಕೆಲಸಕ್ಕೆ ಬಾರದು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಇಂಥ ಆವೃತ್ತಿ, ಇಂಥ ಗ್ರಾಫಿಕ್ಸ್ ಕಾರ್ಡು, ಬಜಪೆಗೆ ಇಳಿಯುವಾಗ ಚಿತ್ರ ನಿಂತಿತು, ಶಬ್ದ ಕೇಳುತ್ತಿತ್ತು, ಮೂರು ಸಲ ಯತ್ನಿಸಿದರೆ ಮೂರು ಸಲವೂ ಅಲ್ಲಿಯೇ ನಿಂತಿತು, ಎಫ್‌ಜಿಎಫ್‌ಎಸ್ ಲಾಗ್ ಕಡತವನ್ನು ಜೊತೆಗಿಟ್ಟಿದ್ದೇವೆ’ ಎಂದು ಬರೆದರೆ ದೂರದ ಸ್ವಯಂಸೇವಕನೊಬ್ಬನಿಗೆ ಹಲವು ರಾತ್ರಿಗಳ ನಿದ್ರೆ ಉಳಿದೀತು. ಅವನಿಗೆ ಸಂಬಳವಿಲ್ಲ; ನಮ್ಮ ಯಂತ್ರ ಅವನ ಕಣ್ಣಿಗೆ ಕಾಣದು. ನಾವು ಬರೆದ ನಾಲ್ಕು ಸಾಲೇ ಅವನ ಕಣ್ಣು. ಆ ಸಾಲುಗಳಿಲ್ಲದೆ ಅದೆಷ್ಟೋ ದೂರುಗಳು ಪರಿಹಾರ ಕಾಣದೆ ಮುಚ್ಚಿಹೋಗುತ್ತವೆ; ತಪ್ಪು ಹಾಗೆಯೇ ಉಳಿದು ಮತ್ತೊಬ್ಬನ ಯಂತ್ರವನ್ನು ನಿಲ್ಲಿಸುತ್ತದೆ.

ಈ ಊರಿನ ನಮ್ಮ ತರುಣರಲ್ಲಿ ಬಹುಮಂದಿ ಕಂಪ್ಯೂಟರ್ ವೃತ್ತಿಯಲ್ಲಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು: ಧರ್ಮಾರ್ಥವಾಗಿ ದೊರೆತ ಪ್ರೋಗ್ರಾಮಿಗೆ ಹಣ ಕೊಡಬೇಕಾಗಿಲ್ಲ, ಒಂದು ನೇರವಾದ ಸಾಕ್ಷ್ಯವನ್ನು ಕೊಡಿ. ಕಂಡದ್ದನ್ನು ಮೊದಲು ಕನ್ನಡದಲ್ಲಿ ಗುರುತು ಹಾಕಿಕೊಳ್ಳಿ, ಆಮೇಲೆ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ. ತಾಯ್ನುಡಿಯಲ್ಲಿ ಸ್ಪಷ್ಟವಾದದ್ದು ಮತ್ತೊಂದರಲ್ಲಿಯೂ ಸ್ಪಷ್ಟವಾಗುತ್ತದೆ.