ಯಂತ್ರಾಂತರ

ಒಂದು ಭಾಷೆಯ ಕೃತಿಯನ್ನು ಇನ್ನೊಂದು ಭಾಷೆಗೆ ತರುವುದನ್ನು ನಾವು ಭಾಷಾಂತರವೆನ್ನುತ್ತೇವೆ. ಒಂದು ಯಂತ್ರಕ್ಕೆಂದು ಬರೆದದ್ದನ್ನು ಇನ್ನೊಂದು ಯಂತ್ರಕ್ಕೆ ಒಗ್ಗಿಸುವುದನ್ನು ಏನೆನ್ನಬೇಕು? ಯಂತ್ರಾಂತರವೆನ್ನೋಣ. ಪದ ಅಷ್ಟು ಸೊಗಸಲ್ಲ. ಈ ಹೊತ್ತಿಗೆ ಸಾಕು. ದಂಡಿಯ ಕಾವ್ಯಾದರ್ಶವನ್ನು ಕನ್ನಡದ ಮೈಗೆ ಒಗ್ಗಿಸಿಕೊಂಡ ಕವಿರಾಜಮಾರ್ಗ ನಮ್ಮಲ್ಲಿರುವಾಗ, ಈ ಬಗೆಯ ಕೆಲಸದ ಕಷ್ಟ ನಮಗೆ ಹೊಸದೇನೂ ಅಲ್ಲ.

ಕಳೆದ ಮಳೆಗಾಲದಲ್ಲಿ ಪಾಲಿಬೆಟ್ಟದ ನಮ್ಮ ಮನೆಯಲ್ಲಿ ತಂಗಿಯ ಮೊಮ್ಮಗ ಇಂಥದೊಂದು ಕೆಲಸಕ್ಕೆ ಕೈಹಾಕಿದ. ಆಟದ ಹೆಸರು ಡೂಮ್. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರಿನಲ್ಲಿ ಹೊರತಂದದ್ದು. ಪಿಶಾಚಿಗಳಿಗೆ ಗುಂಡಿಕ್ಕುವುದೇ ಅದರ ವಸ್ತು. ರಸದೃಷ್ಟಿಯಿಂದ ನೋಡಿದರೆ ನನಗೆ ಬೀಭತ್ಸದ ಹೊರತು ಬೇರೇನೂ ಕಾಣಲಿಲ್ಲ. ಆದರೆ ತಂತಿಯಿಂದ ಬೆಸೆದ ಗಣಕಗಳಲ್ಲಿ ನಾಲ್ವರು ಕೂಡಿ ಆಡಬಹುದಾದ ಆಟವದು. ಹುಡುಗನ ತಂದೆಯೂ ದೊಡ್ಡಪ್ಪನೂ ತಾರುಣ್ಯದಲ್ಲಿ ಇದರ ಮುಂದೆ ಎಷ್ಟೋ ರಾತ್ರಿಗಳನ್ನು ಕಳೆದವರು. ಅದನ್ನು ಅಂಗೈಯಗಲದ ಯಂತ್ರಕ್ಕೆ ತರಬೇಕೆಂಬುದು ಹುಡುಗನ ಹಂಬಲ.

ಅಂಗೈ ಗಣಕವೂ ಕನ್ನಡ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಬಹಳ ಕಾಲ ಬಾಳಲಿಲ್ಲ. ಡೂಮ್‌ಗೆ ಬೇಕಾದ ನೆನಪು 4 ಮೆಗಾಬೈಟ್. ಸಿಂಪ್ಯೂಟರಿನಲ್ಲಿ ಅದರ ಎಂಟು ಪಟ್ಟಾದರೂ ಇತ್ತು. ಯಂತ್ರ ಚಿಕ್ಕದೆಂಬುದು ಆಗಲೂ ತೊಡಕಾಗಿರಲಿಲ್ಲ.

ತೊಡಕು ಬೇರೆ ಕಡೆ ಇದೆ. ಆಟದ ಮೂಲಪಾಠವನ್ನು ಅದರ ಕರ್ತೃಗಳು 1997ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅವರ ಔದಾರ್ಯ ದೊಡ್ಡದು. ಹುಡುಗ ಆ ಪಾಠವನ್ನು ಹೊಸ ಯಂತ್ರಕ್ಕೆ ಇಳಿಸಿದಾಗ ಚಿತ್ರವೇನೋ ಮೂಡಿತು. ಆದರೆ ಹಿಂದಕ್ಕೆ ಹೆಜ್ಜೆಯಿಡೆಂದರೆ ಆಟದ ವೀರ ಮುಂದಕ್ಕೇ ನುಗ್ಗುತ್ತಿದ್ದ! ಕಾರಣ ಕೇಳಿ ನಾನು ಬೆರಗಾದೆ. ಹೆಜ್ಜೆಯ ಅಳತೆಯನ್ನು ಒಂದು ಬೈಟಿನಲ್ಲಿ ಬರೆದಿದ್ದಾರೆ. ಅದು ಋಣವನ್ನೂ ಹಿಡಿಯಬಲ್ಲದೇ ಎಂಬುದನ್ನು ಬರೆದವರು ಹೇಳಿಲ್ಲ. ಅವರ ಯಂತ್ರದಲ್ಲಿ ಹಿಡಿಯುವುದೇ ರೂಢಿ. ಹುಡುಗನ ಯಂತ್ರದ ಆರ್ಮ್ ಎಂಬ ಸಂಸ್ಕಾರಕದ ರೂಢಿಯಲ್ಲಿ ಋಣವಿಲ್ಲ. ಹೀಗಾಗಿ ಮೈನಸ್ 25 ಎಂಬುದು ಇಲ್ಲಿ 231 ಆಗಿ ಓದಿಸಿಕೊಂಡಿತು. ಬರೆದ ಮಾತನ್ನು ಭಾಷಾಂತರಿಸಬಹುದು. ಮೂಲದವರು ತಮ್ಮವರಿಗೆ ಗೊತ್ತೇ ಇದೆಯೆಂದು ಬರೆಯದೆ ಬಿಟ್ಟದ್ದನ್ನು ಹುಡುಕುವುದರಲ್ಲಿ ಅನುವಾದಕನ ಆಯುಸ್ಸು ಸವೆಯುತ್ತದೆ. ಒಂದು ಪದವನ್ನು ಸೇರಿಸಿ ಹುಡುಗ ಅದನ್ನು ನೇರಮಾಡಿದ.

ಆಟವನ್ನು ತಂದೆಯ ಕೈಗಿತ್ತ. ಅವನು ಹತ್ತು ನಿಮಿಷ ಆಡಿ ಕೆಳಗಿಟ್ಟು, "ಎಲ್ಲ ಸರಿ. ಇದರಲ್ಲಿ ಅಣ್ಣ ಎಲ್ಲಿ?" ಎಂದ.

ನಿಜವಾದ ದುಡಿಮೆ ಮೊದಲಾದದ್ದು ಆಮೇಲೆ. ನಮ್ಮ ಪುತ್ತರಿ ಕೋಲಾಟವನ್ನು ಮಂದಿನಲ್ಲಿ ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಡೂಮ್‌ನಲ್ಲಿ ಯಾವ ಯಂತ್ರವೂ ಇನ್ನೊಂದಕ್ಕೆ ಚಿತ್ರವನ್ನು ಕಳುಹಿಸುವುದಿಲ್ಲ. ಸೆಕೆಂಡಿಗೆ 35 ಬಾರಿ, ತನ್ನ ಆಟಗಾರ ಯಾವ ಕಡೆ ಹೆಜ್ಜೆಯಿಟ್ಟ, ಎತ್ತ ತಿರುಗಿದ ಎಂಬಷ್ಟನ್ನೇ ಹೇಳುತ್ತದೆ. ಉಳಿದ ಇಡೀ ಲೋಕವನ್ನು ಪ್ರತಿಯೊಂದು ಯಂತ್ರವೂ ತಾನೇ ಲೆಕ್ಕ ಹಾಕಿಕೊಳ್ಳಬೇಕು. ಆ ಲೆಕ್ಕ ಕೂದಲೆಳೆಯಷ್ಟೂ ಬೇರೆಯಾಗಬಾರದು. ಭಿನ್ನರಾಶಿಗಳನ್ನೂ ಪೂರ್ಣಾಂಕಗಳಲ್ಲಿಯೇ ಇಟ್ಟಿರುವುದು ಅದಕ್ಕೆ ನೆರವಾಗುತ್ತದೆ. ಅದೃಷ್ಟವನ್ನು ಕೂಡ 256 ಸಂಖ್ಯೆಗಳ ಒಂದು ಪಟ್ಟಿಯಾಗಿ ಮೊದಲೇ ಬರೆದಿಟ್ಟಿದ್ದಾರೆ. ಎಲ್ಲರೂ ಅದನ್ನೇ, ಅದೇ ಕ್ರಮದಲ್ಲಿ ಓದುತ್ತಾರೆ. ಒಬ್ಬನ ಕೋಲು ತಡವಾದರೆ ವೃತ್ತವೆಲ್ಲ ಕಾಯುತ್ತದೆ.

ಹಳೆಯ ತಂತಿಯ ಜಾಗದಲ್ಲಿ ಈಗ ನಿಸ್ತಂತು ಅಲೆ. ದಾರಿಯಲ್ಲಿ ಸುದ್ದಿ ಕಳೆದುಹೋಗುವುದುಂಟು, ಮತ್ತೆ ಕೇಳಿ ಪಡೆಯಬೇಕು. ಚಿತ್ರಕ್ಕೆ ಎರಡು ದಿನ ಹಿಡಿದ ಕೆಲಸ ಜೊತೆಗೆ ಮೂರು ವಾರ ಹಿಡಿಯಿತು. ಅಂಗಡಿಯಲ್ಲಿ ಮಾರುವವನಾಗಿದ್ದರೆ ಎರಡನೆಯ ದಿನವೇ ಕೈತೊಳೆದುಕೊಳ್ಳುತ್ತಿದ್ದನೇನೋ.

ಆಗಸ್ಟಿನಲ್ಲಿ ಮೈಸೂರಿನಿಂದ ಅಣ್ಣ ಬಂದ. ಮಳೆಗೆ ಮರ ಬಿದ್ದು ವಿದ್ಯುತ್ತು ಹೋಗಿತ್ತು. ನಡುವಯಸ್ಸು ದಾಟಿದ ಇಬ್ಬರೂ ಜಗಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಬೈಯುತ್ತ ಆಡಿದರು. ಒಂಬತ್ತರ ಸುಮಾರಿಗೆ ಅಣ್ಣನ ಯಂತ್ರದ ಬ್ಯಾಟರಿ ಮುಗಿಯಿತು. ತಮ್ಮನ ತೆರೆಯೂ ಇದ್ದಲ್ಲೇ ನಿಂತಿತು. ಕೆಟ್ಟಿತೇ ಎಂದು ನಾನು ಕೇಳಿದೆ. ಹುಡುಗ ನಕ್ಕು, "ಇಲ್ಲ ಅಜ್ಜ, ದೊಡ್ಡಪ್ಪನಿಗಾಗಿ ಕಾಯುತ್ತಿದೆ" ಎಂದ.