ಭಾಷಾ ತರಗತಿಯಲ್ಲಿ ಮಕ್ಕಳ ಮಾತು: ಗುಂಪುಗೆಲಸದ ಒಂದು ವಿಚಾರ

(ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಓದು-ಬರಹ ಕಲಿಸುವ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಮಾತು ಕಲಿಸುವ ಬಗ್ಗೆ ನಡೆಯುವದು ಕಡಮೆ. ಮಾತು ಮನೆಯಲ್ಲಿಯೇ ಬರುತ್ತದೆ, ಅದನ್ನು ಶಾಲೆಯಲ್ಲಿ ಕಲಿಸುವದೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲವೆಂದು ನನಗೆ ತಿಳಿದುಬಂದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹೊಸದಾಗಿ ಶಿಕ್ಷಕನಾದ ಕಾಲ. ಐದನೆಯ ಇಯತ್ತೆಯಲ್ಲಿ ಪಾಠ ನಡೆದಾಗ ಒಬ್ಬ ಹುಡುಗಿ ಕಿಡಕಿಯತ್ತ ನೋಡಿ, “ಗುರುಗಳ, ಮಳಿ ಬರಾಕ ಹತ್ತೈತ್ರಿ” ಎಂದಳು. ನಾನು ಪಾಠ ನಿಲ್ಲಿಸಿ, “ಮಳಿ ಅಲ್ಲ, ಮಳೆ, ಬರಾಕ ಹತ್ತೈತಿ ಅಲ್ಲ, ಬರುತ್ತಿದೆ” ಎಂದು ತಿದ್ದಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಆ ಮಗು ಆ ವರ್ಷವೆಲ್ಲ ತಾನಾಗಿ ಬಾಯಿ ತೆರೆಯಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಗುಣಗಳನ್ನೇ ಪಡೆದಳು. ಆದರೆ ನಾನು ಅವಳಿಗೆ ಕನ್ನಡ ಕಲಿಸಿದೆನೋ, ಕನ್ನಡವನ್ನು ಅವಳಿಂದ ಕಸಿದುಕೊಂಡೆನೋ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ಮಕ್ಕಳ ಪರಿಸ್ಥಿತಿ ವಿಶೇಷವಾದದ್ದು. ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಪೇಟೆಯಲ್ಲಿ ಮರಾಠಿ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರಡಿಸುತ್ತಿರುವದರಿಂದ ಓದುವದಕ್ಕೆ ಪುಸ್ತಕವಿದೆ. ಆದರೆ ಜತ್ತ ತಾಲೂಕಿನ ಹಳ್ಳಿಗಳನ್ನು ಬಿಟ್ಟು ಮಿರಜ-ಸಾಂಗಲಿಯ ಕಡೆಗೆ ಬಂದರೆ, ಮನೆಯ ಹೊರಗೆ ಕನ್ನಡ ಮಾತನಾಡುವ ಅವಕಾಶವೇ ಮಗುವಿಗೆ ಅಪರೂಪ. ಶಿಷ್ಟ ಕನ್ನಡದ ಮಾತಿಗೆ ಅದಕ್ಕೆ ದೊರೆಯುವ ಮುಖ್ಯ ಸ್ಥಳವೆಂದರೆ ನಮ್ಮ ತರಗತಿಯ ಕೋಣೆಯೇ. ಅಲ್ಲಿ ಮಾತನಾಡುವವರು ಯಾರು? ಶಿಕ್ಷಕರು!

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತರಗತಿಯಲ್ಲಿ 40 ಮಕ್ಕಳು, ಪಾಠದ ಅವಧಿ 35 ನಿಮಿಷ ಎಂದುಕೊಳ್ಳಿ. ಶಿಕ್ಷಕರು 15 ನಿಮಿಷ ಮಾತ್ರ ಮಾತನಾಡಿ, ಉಳಿದ 20 ನಿಮಿಷಗಳನ್ನು ಮಕ್ಕಳಿಗೆ ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ ಬರುವದು ಅರ್ಧ ನಿಮಿಷ. ಅದೇ ಮಕ್ಕಳನ್ನು ನಾಲ್ಕು ನಾಲ್ಕು ಜನರ ಹತ್ತು ಗುಂಪುಗಳಾಗಿ ಮಾಡಿ 20 ನಿಮಿಷ ಬಿಟ್ಟರೆ, ಪ್ರತಿಯೊಬ್ಬರಿಗೂ ಐದು ನಿಮಿಷ ದೊರೆಯುತ್ತದೆ. ಹತ್ತು ಪಟ್ಟು ಹೆಚ್ಚು! ಇದಕ್ಕೆ ಹೊಸ ಕಟ್ಟಡ ಬೇಡ, ಹಣ ಬೇಡ. ಕುಳಿತುಕೊಳ್ಳುವ ರೀತಿ ಬದಲಾದರೆ ಸಾಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಲವತ್ತು ಜನರ ಎದುರಿಗೆ ಎದ್ದು ನಿಲ್ಲಲು ಅಂಜುವ ಮಗು ಮೂವರು ಗೆಳೆಯರೆದುರು ಅಂಜುವದಿಲ್ಲ.

ಆದರೆ ಮಕ್ಕಳನ್ನು ಸುತ್ತ ಕೂಡ್ರಿಸಿ “ಚರ್ಚೆ ಮಾಡಿರಿ” ಎಂದರೆ ಗುಂಪುಗೆಲಸವಾಗುವದಿಲ್ಲ. ಜಾಣ ಹುಡುಗನೊಬ್ಬ ಮಾತನಾಡುತ್ತಾನೆ. ಉಳಿದ ಮೂವರು ಗೋಣು ಹಾಕುತ್ತಾರೆ. ಮಾತನಾಡದೆ ಕೆಲಸ ಮುಗಿಯಲಾರದಂತೆ ಕೆಲಸವನ್ನೇ ರಚಿಸಬೇಕು. 1971ರಲ್ಲಿ ಅಮೇರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ-ಬಿಳಿಯ ಮಕ್ಕಳು ಹೊಸದಾಗಿ ಒಂದೆಡೆ ಕಲಿಯತೊಡಗಿದಾಗ ಅವರಲ್ಲಿ ವೈಮನಸ್ಸು ತಲೆದೋರಿತು. ಆಗ ಎಲಿಯಟ್ ಆರನ್ಸನ್ ಎಂಬ ಮನಃಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಪಾಠವನ್ನು ತುಂಡುಗಳಾಗಿ ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಕೊಟ್ಟರು. ಪ್ರತಿಯೊಬ್ಬನೂ ತನ್ನ ಭಾಗವನ್ನು ಹೇಳದ ಹೊರತು ಯಾರಿಗೂ ಇಡಿಯ ಪಾಠ ತಿಳಿಯುವಂತಿರಲಿಲ್ಲ. ಆದ್ದರಿಂದ ಎಲ್ಲರೂ ಎಲ್ಲರ ಮಾತನ್ನು ಕಿವಿಗೊಟ್ಟು ಕೇಳಲೇಬೇಕಾಯಿತು.

ಇದನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳುವದು ಕಠಿಣವಲ್ಲ. ಸಾಂಗಲಿ ಅರಿಷಿಣದ ಪೇಟೆಯೆಂದು ಎಲ್ಲೆಡೆ ಪ್ರಸಿದ್ಧವಾಗಿದೆ. ಗಡ್ಡೆ ಅಗೆಯುವದು, ಕುದಿಸುವದು, ಒಣಗಿಸುವದು, ಹೊಳಪು ಕೊಡುವದು: ಈ ನಾಲ್ಕರ ಚಿತ್ರಗಳನ್ನು ನಾಲ್ವರಿಗೆ ಕೊಡಿರಿ. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಕೂಡದು. ಬಾಯಿಂದ ವರ್ಣಿಸಿಯೇ ಅನುಕ್ರಮವನ್ನು ನಿಶ್ಚಯಿಸಬೇಕು. ಮಿರಜ ದೊಡ್ಡ ರೈಲ್ವೆ ಜಂಕ್ಷನ್. ಒಬ್ಬನ ಚೀಟಿಯಲ್ಲಿ ಗಾಡಿಗಳ ವೇಳೆ, ಒಬ್ಬಳಲ್ಲಿ ಟಿಕೀಟಿನ ದರ, ಒಬ್ಬನಲ್ಲಿ ಕೈಯಲ್ಲಿರುವ ಹಣ, ಮತ್ತೊಬ್ಬಳಲ್ಲಿ ಅಜ್ಜಿಯನ್ನು ಸಂಜೆಯೊಳಗೆ ಬೆಳಗಾವಿಗೆ ಮುಟ್ಟಿಸಬೇಕೆಂಬ ಸೂಚನೆ ಇರಲಿ. ಯಾವ ಗಾಡಿ ಹಿಡಿಯಬೇಕೆಂದು ನಾಲ್ವರೂ ಕೂಡಿ ನಿರ್ಣಯಿಸಲಿ. ಮೇಲಿನ ಇಯತ್ತೆಯವರು ತಂಬೂರಿ-ಸಿತಾರಗಳನ್ನು ಮಾಡುವ ಮಿರಜದ ಕುಶಲಕರ್ಮಿಗಳಲ್ಲಿಗೆ ಹೋಗಿ, ಒಣಗಿದ ಸೋರೆಬುರುಡೆ ವಾದ್ಯವಾಗುವ ಬಗೆಯನ್ನು ಕೇಳಿ ಬಂದು ಹೇಳಲಿ. ಅಲ್ಲಿ ಮರಾಠಿಯಲ್ಲಿ ಕೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುವದು ಎರಡೂ ಭಾಷೆಗಳ ಅಭ್ಯಾಸವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಗದ್ದಲವಾಗುತ್ತದೆ ಎಂಬುದು ಮೊದಲನೆಯದು. ಆಗುತ್ತದೆ ನಿಜ; ಆದರೆ ಮಾತು ಕಲಿಯುವ ಕೋಣೆ ಸ್ತಬ್ಧವಾಗಿದ್ದರೆ ಅದೇ ಚಿಂತೆಯ ವಿಷಯ. ಒಬ್ಬನೇ ಮಾತನಾಡುತ್ತಾನೆ ಎಂಬುದು ಎರಡನೆಯದು. ಇದಕ್ಕೆ ಹುಣಸೆಬೀಜವೇ ಮದ್ದು. ಪ್ರತಿ ಮಗುವಿಗೆ ಮೂರು ಬೀಜ ಕೊಡಿರಿ. ಮಾತನಾಡಿದಾಗ ಒಂದನ್ನು ನಡುವೆ ಇಡಬೇಕು. ಬೀಜ ಮುಗಿದವನು ಉಳಿದವರ ಬೀಜ ಮುಗಿಯುವ ವರೆಗೆ ಕೇಳುತ್ತ ಕೂಡ್ರಬೇಕು. ಕೊನೆಗೆ ವರದಿ ಒಪ್ಪಿಸುವವರನ್ನು ಶಿಕ್ಷಕರೇ ಅಲ್ಲಿಯೇ ಆರಿಸಬೇಕು. ಆಗ ಎಲ್ಲರೂ ಸಿದ್ಧರಾಗಿರುತ್ತಾರೆ.

ಮಕ್ಕಳು ಒಬ್ಬರಿಂದೊಬ್ಬರು ತಪ್ಪು ಭಾಷೆ ಕಲಿಯುತ್ತಾರೆ ಎಂಬುದು ಮೂರನೆಯ ಆಕ್ಷೇಪ. ಎರಡನೆಯ ಭಾಷೆ ಕಲಿಯುವವರ ಬಗ್ಗೆ ನಡೆದ ಸಂಶೋಧನೆಗಳನ್ನು 1985ರಲ್ಲಿ ಲಾಂಗ್ ಮತ್ತು ಪೋರ್ಟರ್ ಎಂಬ ವಿದ್ವಾಂಸರು ಪರಿಶೀಲಿಸಿದರು. ಗುಂಪಿನಲ್ಲಿ ಮಾತು ಹೆಚ್ಚುತ್ತದೆ. ಶಿಕ್ಷಕರೆದುರಿಗಿಂತ ತಪ್ಪು ಹೆಚ್ಚುವದಿಲ್ಲವೆಂಬುದು ಅವರು ಕಂಡ ಸಂಗತಿ. ಆದರೂ ತಿದ್ದುವದು ನಮ್ಮ ಕರ್ತವ್ಯವೇ. ತಿದ್ದುವ ವೇಳೆ ಮಾತ್ರ ಬೇರೆ. ಗುಂಪುಗಳ ನಡುವೆ ಸುಮ್ಮನೆ ತಿರುಗಾಡುತ್ತ ಕೇಳಿದ್ದನ್ನು ಗುರುತು ಹಾಕಿಕೊಳ್ಳಬೇಕು. ಕೊನೆಯ ಐದು ನಿಮಿಷಗಳಲ್ಲಿ ಮೂರು ವಾಕ್ಯಗಳನ್ನು, ಯಾರ ಹೆಸರೂ ಹೇಳದೆ, ಫಲಕದ ಮೇಲೆ ಬರೆಯಬೇಕು. “ಮಳಿ ಬರಾಕ ಹತ್ತೈತಿ” ಎಂಬುದು ತಪ್ಪಲ್ಲ. ಅದು ಮನೆಯ ಮಾತು. “ಮಳೆ ಬರುತ್ತಿದೆ” ಎಂಬುದು ಸಭೆಯ ಮಾತು. ಎರಡನ್ನೂ ಅಕ್ಕಪಕ್ಕದಲ್ಲಿ ಬರೆದರೆ ಮಗುವಿಗೆ ನಾಚಿಕೆಯಾಗುವದಿಲ್ಲ. ಅದರ ಸಂಪತ್ತು ಎರಡು ಪಟ್ಟಾಗುತ್ತದೆ. ಶಬ್ದ ದೊರೆಯದಾಗ ಮರಾಠಿ ಶಬ್ದ ಬಂದರೂ ಬರಲಿ. ಮಾತು ಮುಗಿದ ಮೇಲೆ ಅದರ ಕನ್ನಡವನ್ನು ಗುಂಪೇ ಹುಡುಕಲಿ.

ಕೂಡಿ ಮಾತನಾಡಿ ಬೆಳೆಯುವದು ಈ ನೆಲಕ್ಕೆ ಹೊಸದಲ್ಲ. 1842ರಲ್ಲಿ ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ಅದನ್ನು ಕಂಡು ಸಂತೋಷಪಟ್ಟ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಅಂಥದೊಂದು ಆಗಲೆಂದು ಬಯಸಿದರು. ಅದರ ಫಲವಾಗಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಕನ್ನಡದ ಮಾತು ಇಲ್ಲಿ ನೆರೆಯ ಭಾಷೆಗೆ ವಿರೋಧವಾಗಿ ನಿಲ್ಲದೆ ಅದಕ್ಕೆ ಪ್ರೇರಣೆಯಾಗಿ ನಿಂತಿತು. ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ ವಿಲಿಂಗ್ಡನ್ ಕಾಲೇಜು ಇರುವದೂ ಇದೇ ಸಾಂಗಲಿಯಲ್ಲಿ.

ಪಾಲಕರಲ್ಲಿ ಒಂದು ವಿನಂತಿ. ಸಂಜೆ ಮಗು ಮನೆಗೆ ಬಂದಾಗ “ಇಂದು ಏನು ಬರೆದಿ?” ಎಂದು ಕೇಳುತ್ತೀರಿ. ಅದರೊಡನೆ “ಇಂದು ಏನು ಮಾತನಾಡಿದಿ?” ಎಂದೂ ಕೇಳಿರಿ. ಉತ್ತರ ಬಾರದಿದ್ದರೆ ಮಗುವನ್ನು ಗದರಬೇಡಿರಿ. ಶಾಲೆಗೆ ಬಂದು ನಮ್ಮನ್ನು ಕೇಳಿರಿ. ಕನ್ನಡ ಶಾಲೆಯಿಂದ ಏನು ಲಾಭ ಎಂದು ಜನ ಕೇಳುತ್ತಿರುವ ಈ ದಿನಗಳಲ್ಲಿ, ನಾಲ್ಕು ಜನರೆದುರು ಎದ್ದು ನಿಂತು ತನ್ನ ವಿಚಾರವನ್ನು ಸ್ಪಷ್ಟವಾಗಿ ಹೇಳುವ ಮಗುವೇ ಅದಕ್ಕೆ ಉತ್ತರ.

ಮಳೆ ಬಂದುದನ್ನು ಮೊದಲು ಕಂಡು ಹೇಳಿದವಳು ಆ ಹುಡುಗಿ. ಅವಳ ಮಾತಿಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ “ಹೌದವ್ವ, ಬರಾಕ ಹತ್ತೈತಿ, ಎಲ್ಲರೂ ನೋಡೋಣ” ಎಂಬುದಷ್ಟೇ. ನಿಮ್ಮ ತರಗತಿಗಳಲ್ಲಿ ಆ ಉತ್ತರ ತಡವಾಗದಿರಲಿ.